ತರಬೇತುದಾರನ ಮೊದಲ ವರ್ಷ: ನಾಟಿಯೋ, ಕೂಳೆಯೋ?

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಬರುವ ರೈಲಿನಲ್ಲಿ ಆಟದ ಮಾತು ಹೊರಟಿತೆಂದರೆ ನ್ಯಾಯಸ್ಥಾನವೊಂದು ತಾನಾಗಿಯೇ ಏರ್ಪಡುತ್ತದೆ. ರಾಮನಗರ ದಾಟುವುದರೊಳಗಾಗಿ ತರಬೇತುದಾರನ ಮೇಲೆ ಆಪಾದನೆಗಳ ಪಟ್ಟಿ ಸಿದ್ಧವಾಗಿರುತ್ತದೆ. ಚನ್ನಪಟ್ಟಣದಲ್ಲಿ ಸಾಕ್ಷಿಗಳ ವಿಚಾರಣೆ. ಮದ್ದೂರಿನಲ್ಲಿ ವಡೆಯ ಬುಟ್ಟಿ ಒಳಗೆ ಬರುವ ಹೊತ್ತಿಗೆ ಆತನನ್ನು ಕೆಲಸದಿಂದ ತೆಗೆದುಹಾಕಿ ಆಗಿರುತ್ತದೆ. ಅಲ್ಲಿಳಿದು ಮಳವಳ್ಳಿಯ ಬಸ್ಸು ಹಿಡಿಯುವವರು ತೀರ್ಪನ್ನು ತಮ್ಮೂರಿಗೆ ಕೊಂಡೊಯ್ಯುತ್ತಾರೆ. ಮಂಡ್ಯದವರೆಗೆ ಬರುವವರು ಅವನ ಜಾಗಕ್ಕೆ ಹೊಸಬನನ್ನು ನೇಮಿಸಿಯೇ ಇಳಿಯುತ್ತಾರೆ.

ಈ ನ್ಯಾಯವಿತರಣೆಯ ವೇಗದ ಬಗ್ಗೆ ನನ್ನ ಆಕ್ಷೇಪವೇನೂ ಇಲ್ಲ. ಹಣ ಕೊಟ್ಟು ಟಿಕೇಟು ಕೊಂಡು, ಗಂಟಲು ಒಡೆಯುವಂತೆ ಕೂಗಿದವನಿಗೆ ಅಭಿಪ್ರಾಯ ಹೇಳುವ ಹಕ್ಕು ಉಂಟು. ನನ್ನ ಪ್ರಶ್ನೆ ಅಳತೆಗೋಲಿನದು. ಹೊಸದಾಗಿ ಬಂದ ತರಬೇತುದಾರನ ಮೊದಲ ವರ್ಷವನ್ನು ಯಾವುದರಿಂದ ಅಳೆಯತಕ್ಕದ್ದು? ಗೆದ್ದ ಪಂದ್ಯಗಳ ಎಣಿಕೆಯಿಂದಲೆ? ಮನೆಗೆ ತಂದ ಕಪ್ಪಿನಿಂದಲೆ? ಪ್ರಶ್ನೆ ನಮ್ಮ ಕಾಲೇಜಿನ ಆಟದ ಬಯಲಿಗೂ ಸಂಬಂಧಪಟ್ಟದ್ದೇ. ಆ ಮಾತಿಗೆ ಕಡೆಯಲ್ಲಿ ಬರುತ್ತೇನೆ.

ನಮ್ಮ ಜಿಲ್ಲೆಯವರಿಗೆ ಇದನ್ನು ಕಬ್ಬಿನ ಗದ್ದೆಯ ಮಾತಿನಲ್ಲಿ ಹೇಳಿದರೆ ಸುಲಭವಾಗಿ ತಿಳಿದೀತು. ನೆಲ ಹದಮಾಡಿ, ಬಿತ್ತನೆ ಕಬ್ಬು ತಂದು ನೆಟ್ಟು ಬೆಳೆದದ್ದು ನಾಟಿ ಬೆಳೆ. ಅದನ್ನು ಕಡಿದ ಮೇಲೆ ಬುಡದಿಂದ ಮತ್ತೆ ಚಿಗುರಿ ಬರುವುದು ಕೂಳೆ. ಕೂಳೆಗೆ ಬಿತ್ತನೆಯ ಖರ್ಚಿಲ್ಲ, ಉಳುಮೆಯ ಶ್ರಮವಿಲ್ಲ, ಕಟಾವಿಗೂ ಬೇಗ ಬರುತ್ತದೆ. ಹಾಗೆಂದು ಕೂಳೆ ಬೆಳೆದವನು ಸೋಮಾರಿಯೇನಲ್ಲ. ಕಡಿದ ಬುಡವನ್ನು ನೆಲಮಟ್ಟಕ್ಕೆ ಸವರಬೇಕು, ಸತ್ತುಹೋದ ಕಡೆ ಹೊಸ ಸಸಿ ಕೂರಿಸಬೇಕು, ಗೊಬ್ಬರ ಹಾಕಬೇಕು. ಮಾಡದಿದ್ದರೆ ವರ್ಷದಿಂದ ವರ್ಷಕ್ಕೆ ಇಳುವರಿ ಇಳಿಯುತ್ತ ಹೋಗುತ್ತದೆ. ಗದ್ದೆಯ ಪಕ್ಕದಲ್ಲಿ ನಿಂತು ಎರಡು ಬೆಳೆಗಳನ್ನು ಹೋಲಿಸುವ ರೈತನು ಮೊದಲು ಕೇಳುವುದು "ಇದು ನಾಟಿಯೋ, ಕೂಳೆಯೋ?" ಎಂದು, ಟನ್ನಿನ ಲೆಕ್ಕ ಆಮೇಲೆ. ಆಟದ ಅಭಿಮಾನಿಗಳು ಮೊದಲನೆಯ ಪ್ರಶ್ನೆಯನ್ನು ಬಿಟ್ಟು ನೇರವಾಗಿ ಟನ್ನಿನ ಲೆಕ್ಕಕ್ಕೆ ಕೈಹಾಕುತ್ತಾರೆ.

ಬರಿಯ ಸೋಲು ಗೆಲುವಿನ ಲೆಕ್ಕ ಎಷ್ಟು ದೂರ ನಮ್ಮನ್ನು ಒಯ್ಯಬಲ್ಲುದೆಂಬುದಕ್ಕೆ ಬ್ಯಾಸ್ಕೆಟ್‌ಬಾಲಿನ ಚರಿತ್ರೆಯಲ್ಲಿಯೇ ಒಂದು ವಿನೋದವಾದ ನಿದರ್ಶನವಿದೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಈ ಆಟವನ್ನು ರೂಪಿಸಿದವರು ಜೇಮ್ಸ್ ನೈಸ್ಮಿತ್. 1898ರಲ್ಲಿ ಅವರು ಕ್ಯಾನ್ಸಸ್ ವಿಶ್ವವಿದ್ಯಾನಿಲಯಕ್ಕೆ ಬಂದು ಅಲ್ಲಿನ ತಂಡದ ಮೊದಲ ತರಬೇತುದಾರರಾದರು. ಒಟ್ಟು ಲೆಕ್ಕ 55 ಗೆಲುವು, 60 ಸೋಲು. ಆ ವಿಶ್ವವಿದ್ಯಾನಿಲಯದ ತರಬೇತುದಾರರಲ್ಲಿ ಗೆಲುವಿಗಿಂತ ಸೋಲು ಹೆಚ್ಚಾಗಿರುವುದು ಇವರೊಬ್ಬರದೇ! ಆಟವನ್ನು ಹುಟ್ಟಿಸಿದಾತನೇ ಪಟ್ಟಿಯ ತಳದಲ್ಲಿ. ಆದರೆ ಅವರ ಶಿಷ್ಯ ಫಾಗ್ ಆಲೆನ್ ಅದೇ ಕ್ಯಾನ್ಸಸ್ಸಿನಲ್ಲಿ ಬಹುಕಾಲ ತರಬೇತು ಕೊಟ್ಟು ಅಮೆರಿಕದ ದೊಡ್ಡ ತರಬೇತುದಾರರಲ್ಲಿ ಒಬ್ಬರೆನಿಸಿದರು. ಗುರುವಿನ ಬೆಳೆಯನ್ನು ಶಿಷ್ಯನ ಗದ್ದೆಯಲ್ಲಿ ನೋಡಬೇಕಾಯಿತು.

ಇರಲಿ, ಅದು ದೂರದ ಮಾತು. ಹತ್ತಿರದಲ್ಲಿ, ರೈಲಿನಲ್ಲಿ ಎರಡು ಗಂಟೆಯ ಆಚೆ, ಇದೇ ವಿಷಯವನ್ನು ಅಭ್ಯಸಿಸಲು ತಕ್ಕ ಒಂದು ಸಂಸ್ಥೆಯಿದೆ: ಬೆಂಗಳೂರು ಫುಟ್‌ಬಾಲ್ ಕ್ಲಬ್ಬು. ಆಟ ಬೇರೆಯಾದರೂ ನಮ್ಮ ಪ್ರಶ್ನೆಗೆ ಇದು ಒದಗುತ್ತದೆ. 2013ರಲ್ಲಿ ಹುಟ್ಟಿದ ಈ ಕ್ಲಬ್ಬಿಗೆ ಕೆಲವೇ ವರ್ಷಗಳಲ್ಲಿ ಹಲವು ತರಬೇತುದಾರರು ಬಂದುಹೋದರು. ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು, ತೊಂಬತ್ತು ನಿಮಿಷವೂ ನಿಂತೇ ಹಾಡುವ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿಗಳ ಗುಂಪು ಅವರೆಲ್ಲರನ್ನೂ ಅಳೆದು ತೂಗಿದೆ. ತಂಡ ಒಂದೇ, ಅಭಿಮಾನಿಗಳೂ ಬಹುಮಟ್ಟಿಗೆ ಅವರೇ, ತರಬೇತುದಾರ ಮಾತ್ರ ಬೇರೆ. ಪ್ರಯೋಗಶಾಲೆಯಲ್ಲಿಯೂ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಕ್ಕಲಾರದು.

ಮೊದಲಿಗ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಅವರಿಗೆ ಹಿಂದಿನವರು ಬಿಟ್ಟುಹೋದದ್ದು ಏನೂ ಇರಲಿಲ್ಲ, ಏಕೆಂದರೆ ಹಿಂದಿನವರೇ ಇರಲಿಲ್ಲ. 2013ರ ಸೆಪ್ಟೆಂಬರ್ 22ರಂದು ಮೋಹನ್ ಬಾಗಾನಿನ ಮೇಲೆ ಮೊದಲ ಪಂದ್ಯ ಆಡಿ 1–1ರಲ್ಲಿ ಸಮ ಮಾಡಿಕೊಂಡ ತಂಡ, 2014ರ ಏಪ್ರಿಲ್ 21ರಂದು ಗೋವೆಯ ಫಟೋರ್ಡಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ ಐ-ಲೀಗಿನ ಪ್ರಶಸ್ತಿಯನ್ನೇ ಕಟ್ಟಿಕೊಂಡು ಬಂದಿತು. 24 ಪಂದ್ಯ, 14 ಗೆಲುವು, 47 ಅಂಕ. ಇದು ನಿಸ್ಸಂದೇಹವಾಗಿ ನಾಟಿ ಬೆಳೆ. ಸುನಿಲ್ ಚೆಟ್ರಿಯಂತಹ ಆಟಗಾರನನ್ನು ಕೊಳ್ಳಬಲ್ಲ ಮಾಲೀಕರಿದ್ದರೆಂಬುದು ನಿಜ; ಒಳ್ಳೆಯ ಬಿತ್ತನೆ ಇತ್ತು. ಆದರೂ ಒಂದು ದಿನವೂ ಒಟ್ಟಿಗೆ ಆಡಿರದ ಜನರನ್ನು ಏಳು ತಿಂಗಳಲ್ಲಿ ಒಂದು ತಂಡ ಮಾಡಿದುದು ತರಬೇತುದಾರನ ಕೆಲಸವೇ. ಇಲ್ಲಿ ವಾದಕ್ಕೆ ಎಡೆಯಿಲ್ಲ.

ವಾದಕ್ಕೆ ಎಡೆಯಿರುವುದು ಎರಡನೆಯವರಲ್ಲಿ. 2016ರ ಜುಲೈಯಲ್ಲಿ ಬಂದ ಸ್ಪೇನಿನ ಆಲ್ಬರ್ಟ್ ರೋಕಾ ಅವರ ಮೊದಲ ವರ್ಷವನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕೆಂದಿದ್ದೇನೆ. ಮೊದಲ ವರ್ಷವನ್ನು ಅಳೆಯುವ ಕಷ್ಟಗಳೆಲ್ಲ ಅದೊಂದರಲ್ಲಿಯೇ ಕೂಡಿವೆ.

ರೋಕಾ ಬಾರ್ಸಿಲೋನದಲ್ಲಿ ಫ್ರಾಂಕ್ ರೈಕಾರ್ಡರ ಸಹಾಯಕರಾಗಿದ್ದವರು. ಇಲ್ಲಿಗೆ ಬಂದಾಗ ವೆಸ್ಟ್‌ವುಡ್ ಎರಡನೆಯ ಸಲ ಲೀಗ್ ಗೆದ್ದುಕೊಟ್ಟು ಆಗತಾನೆ ಹೊರಟುಹೋಗಿದ್ದರು. ಅದಲ್ಲದೆ ಏಷ್ಯದ ಎ.ಎಫ್.ಸಿ. ಕಪ್ಪಿನಲ್ಲಿ ಗುಂಪಿನ ಪಂದ್ಯಗಳನ್ನೂ, ಹಾಂಗ್‌ಕಾಂಗಿನಲ್ಲಿ ಕಿಚಿ ತಂಡದ ಮೇಲಿನ 3–2ರ ಗೆಲುವನ್ನೂ ಮುಗಿಸಿ ತಂಡವನ್ನು ಎಂಟರ ಘಟ್ಟಕ್ಕೆ ತಂದು ನಿಲ್ಲಿಸಿದ್ದರು. ಅಂದರೆ ಒಂದೇ ಸ್ಪರ್ಧೆಯ ಮೊದಲರ್ಧ ಒಬ್ಬರದು, ಎರಡನೆಯ ಅರ್ಧ ಇನ್ನೊಬ್ಬರದು. ರೋಕಾ ಸಿಂಗಪುರದ ಟಾಂಪಿನೀಸ್ ರೋವರ್ಸನ್ನು ದಾಟಿದರು. ನಾಲ್ಕರ ಘಟ್ಟದಲ್ಲಿ, 2015ರಲ್ಲಿ ಅದೇ ಕಪ್ಪನ್ನು ಗೆದ್ದಿದ್ದ ಮಲೇಷ್ಯದ ಜೋಹೊರ್ ದಾರುಲ್ ತಾಝಿಂ ಎದುರಾಯಿತು. ಅಲ್ಲಿ 1–1; ಕಂಠೀರವದಲ್ಲಿ, 2016ರ ಅಕ್ಟೋಬರ್ 19ರಂದು, 3–1. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮುಂಚೆ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಹೋದದ್ದಿರಲಿಲ್ಲ. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡದ ಮೇಲೆ ಒಂದೇ ಗೋಲಿನಿಂದ ಸೋಲಾಯಿತು.

ಇದರ ಕೀರ್ತಿ ಯಾರಿಗೆ? ಅಭಿಮಾನಿಗಳಲ್ಲಿ ಒಂದು ಪಕ್ಷ "ಅದು ವೆಸ್ಟ್‌ವುಡ್ ಕಟ್ಟಿದ ತಂಡ, ರೋಕಾ ಬಂದು ಕಟಾವು ಮಾಡಿದರು" ಎನ್ನಬಹುದು. ಇನ್ನೊಂದು ಪಕ್ಷ "ಏಷ್ಯದ ಹಾಲಿ ವಿಜೇತರನ್ನು ಸೋಲಿಸಲು ಹಳೆಯ ಪುಣ್ಯ ಸಾಲದು" ಎನ್ನಬಹುದು. ನನಗೆ ಎರಡೂ ನಿಜವೆಂದೇ ತೋರುತ್ತದೆ. ಕೂಳೆ ಬೆಳೆಯೆಂದು ಒಪ್ಪಿಕೊಂಡರೂ, ಬುಡ ಸವರಿದ ಕೈ ಚೆನ್ನಾಗಿತ್ತೆಂದು ಹೇಳಲು ಅಡ್ಡಿಯೇನು?

ಕಷ್ಟ ಬಂದದ್ದು ಆಮೇಲೆ. 2017ರ ಐ-ಲೀಗಿನಲ್ಲಿ ಒಳ್ಳೆಯ ಆರಂಭ ಕಂಡ ತಂಡ ನಡುವೆ ಗೆಲುವೇ ಇಲ್ಲದೆ ವಾರಗಟ್ಟಲೆ ತೊಳಲಿತು. 18 ಪಂದ್ಯಗಳಿಂದ 30 ಅಂಕ, ನಾಲ್ಕನೆಯ ಸ್ಥಾನ. ಪ್ರಶಸ್ತಿ ದೂರದ ಮಿಜೋರಮಿನ ಐಜಾಲ್ ತಂಡಕ್ಕೆ ಹೋಯಿತು. ಅದುವರೆಗಿನ ಮೂರು ಲೀಗುಗಳಲ್ಲಿ ಒಂದನೆಯ ಅಥವಾ ಎರಡನೆಯ ಸ್ಥಾನಕ್ಕಿಂತ ಕೆಳಗಿಳಿಯದ ತಂಡಕ್ಕೆ ಇದು ಅವಮಾನವೆಂದೇ ತೋರಿದರೆ ಆಶ್ಚರ್ಯವಿಲ್ಲ. ಆ ಏಪ್ರಿಲ್ ತಿಂಗಳಲ್ಲಿ ತೀರ್ಪು ಬರೆದಿದ್ದರೆ ರೋಕಾ ಫೇಲಾದರೆಂದೇ ಬರೆಯಬೇಕಾಗುತ್ತಿತ್ತು. ಒಂದು ತಿಂಗಳು ಕಳೆಯಿತು. ಮೇ 21ರಂದು ಕಟಕದ ಬಾರಾಬತಿ ಕ್ರೀಡಾಂಗಣದಲ್ಲಿ, ಹೆಚ್ಚುವರಿ ವೇಳೆಯಲ್ಲಿ ಸಿ. ಕೆ. ವಿನೀತ್ ಹೊಡೆದ ಎರಡು ಗೋಲುಗಳಿಂದ ಮೋಹನ್ ಬಾಗಾನ್ ಸೋತು ಫೆಡರೇಷನ್ ಕಪ್ ಬೆಂಗಳೂರಿಗೆ ಬಂದಿತು.

ಹಾಗಾದರೆ ಒಂದೇ ವರ್ಷದಲ್ಲಿ ಏಷ್ಯದ ಅಂತಿಮ ಪಂದ್ಯ, ಲೀಗಿನಲ್ಲಿ ನಾಲ್ಕನೆಯ ಸ್ಥಾನ, ಒಂದು ಕಪ್ಪು. ಕೂಡಿ ಕಳೆದು ಭಾಗಿಸಿದರೆ ಉತ್ತರ ಏನು ಬಂದೀತು? ಯಾವ ಉತ್ತರವೂ ಬಾರದು. ರೋಕಾ ಅವರ ಮೊದಲ ವರ್ಷದಲ್ಲಿ ನಿಜವಾಗಿ ಏನು ನಡೆದಿತ್ತೆಂಬುದು ತಿಳಿದದ್ದು ಎರಡನೆಯ ವರ್ಷದಲ್ಲಿ. ವೆಸ್ಟ್‌ವುಡ್ಡರ ತಂಡ ಗಟ್ಟಿಯಾಗಿ ನಿಂತು, ಸಿಕ್ಕ ಅವಕಾಶವನ್ನು ನೇರವಾಗಿ ಮುಂದಕ್ಕೆ ಒಯ್ಯುವ ತಂಡ. ಚೆಂಡನ್ನು ಹಿಂದಿನಿಂದ ಒಬ್ಬರಿಂದೊಬ್ಬರಿಗೆ ದಾಟಿಸುತ್ತ, ತಮ್ಮ ಕಾಲಿನಲ್ಲಿಯೇ ಇಟ್ಟುಕೊಂಡು ಆಡುವುದನ್ನು ರೋಕಾ ಕಲಿಸಹೊರಟರು. ಹಳೆಯ ಅಭ್ಯಾಸವನ್ನು ಬಿಡಿಸಿ ಹೊಸದನ್ನು ಕೂರಿಸುವ ನಡುವಿನ ತಿಂಗಳುಗಳಲ್ಲಿ ಎರಡೂ ಇರುವುದಿಲ್ಲ. ಕೈಬರಹ ತಿದ್ದಿಕೊಳ್ಳಹೊರಟ ಹುಡುಗನ ಅಕ್ಷರ ಮೊದಲಿಗಿಂತ ಕೆಡುವುದನ್ನು ನಾವೆಲ್ಲ ಕಂಡಿದ್ದೇವೆ. ಕಲಿತದ್ದು ಕೂತ ಮೇಲೆ, 2017–18ರಲ್ಲಿ, ಇಂಡಿಯನ್ ಸೂಪರ್ ಲೀಗಿಗೆ ಹೊಸದಾಗಿ ಸೇರಿದ ಈ ತಂಡ 18 ಪಂದ್ಯಗಳಿಂದ 40 ಅಂಕ ಗಳಿಸಿ ಪಟ್ಟಿಯ ನೆತ್ತಿಯಲ್ಲಿ ನಿಂತಿತು. ಅಂತಿಮ ಪಂದ್ಯವನ್ನು ಕಂಠೀರವದಲ್ಲಿಯೇ ಚೆನ್ನೈಯಿನ್ ತಂಡಕ್ಕೆ 2–3ರಿಂದ ಒಪ್ಪಿಸಿದುದು ಬೇರೆ ದುಃಖ. ಮರುತಿಂಗಳು ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲನ್ನು 4–1ರಿಂದ ಸೋಲಿಸಿ ಸೂಪರ್ ಕಪ್ ಗೆದ್ದರು.

ರೋಕಾ ಹೋದ ಮೇಲೆ ಅವರ ಸಹಾಯಕರೇ ಆಗಿದ್ದ ಕಾರ್ಲೆಸ್ ಕ್ವದ್ರಾತ್ ಬಂದರು. ಮೊದಲ ವರ್ಷದಲ್ಲಿಯೇ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಹೆಚ್ಚುವರಿ ವೇಳೆಯ 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿನಿಂದ ಗೋವಾ ಸೋತು, ಸೂಪರ್ ಲೀಗಿನ ಪ್ರಶಸ್ತಿ ಬೆಂಗಳೂರಿಗೆ ಬಂದಿತು. ಪಟ್ಟಿ ನೋಡಿ ಅಂಕ ಹಾಕುವವರು ಕ್ವದ್ರಾತರಿಗೆ ನೂರಕ್ಕೆ ನೂರನ್ನೂ ರೋಕಾರಿಗೆ ನೂರಕ್ಕೆ ಐವತ್ತನ್ನೂ ಕೊಟ್ಟಾರು. ನಾನಾದರೆ ಇದನ್ನು ಅಚ್ಚುಕಟ್ಟಾದ ಕೂಳೆ ಎನ್ನುತ್ತೇನೆ. ನೆಟ್ಟವರು ರೋಕಾ, ನೆಡುವಾಗ ಜೊತೆಗಿದ್ದವರು ಕ್ವದ್ರಾತ್, ಆದುದರಿಂದ ಯಾವ ಬುಡದಲ್ಲಿ ಎಷ್ಟು ಜೀವವಿದೆಯೆಂಬುದು ಅವರಿಗೆ ಗೊತ್ತಿತ್ತು. ಅದೇ ಕ್ವದ್ರಾತ್ 2021ರ ಜನವರಿಯಲ್ಲಿ, ಮೇಲಿಂದ ಮೇಲೆ ಮೂರು ಸೋಲಾದ ಬಳಿಕ, ಕ್ಲಬ್ಬನ್ನು ಬಿಡಬೇಕಾಯಿತು.

ಇನ್ನೊಬ್ಬರ ಕಥೆ ಇದಕ್ಕೆ ತಿರುವುಮುರುವು. 2022ರಲ್ಲಿ ಬಂದ ಸೈಮನ್ ಗ್ರೇಸನ್ ಸೆಪ್ಟೆಂಬರಿನಲ್ಲಿ ಡ್ಯುರಾಂಡ್ ಕಪ್ ಗೆದ್ದರು. ಲೀಗು ಆರಂಭವಾದ ಮೇಲೆ ಸೋಲಿನ ಮೇಲೆ ಸೋಲು. ಆಮೇಲೆ ಏನಾಯಿತೋ, ಲೀಗಿನ ಕಡೆಯ ಎಂಟು ಪಂದ್ಯಗಳನ್ನೂ ಒಂದರ ಹಿಂದೊಂದು ಗೆದ್ದು ನಾಲ್ಕನೆಯ ಸ್ಥಾನಕ್ಕೆ ಬಂದರು. 2023ರ ಮಾರ್ಚ್ 3ರಂದು ಕೇರಳದ ತಂಡದವರು ಚೆಟ್ರಿಯ ಫ್ರೀ ಕಿಕ್ಕನ್ನು ಒಪ್ಪದೆ ಕಂಠೀರವದ ಬಯಲು ಬಿಟ್ಟು ನಡೆದದ್ದು ಈ ವರ್ಷದ್ದೇ. ಅಂತಿಮ ಪಂದ್ಯದಲ್ಲಿ ಪೆನಾಲ್ಟಿಗಳಿಂದ ಸೋಲು. ಏಪ್ರಿಲಿನಲ್ಲಿ ಸೂಪರ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಒಡಿಶಾಕ್ಕೆ ಸೋಲು. ಒಂದೇ ವರ್ಷದಲ್ಲಿ ಮೂರು ಸ್ಪರ್ಧೆಗಳ ಅಂತಿಮ ಪಂದ್ಯ ಆಡಿದ ತರಬೇತುದಾರನಿಗೆ ಆ ಬೇಸಗೆಯಲ್ಲಿ ಯಾರು ತಾನೆ ಪ್ರಥಮ ದರ್ಜೆ ಕೊಡದೆ ಇದ್ದಾರು? ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕೆಲಸ ಕಳೆದುಕೊಂಡರು. 2023–24ರ ಲೀಗಿನಲ್ಲಿ ತಂಡ ಹತ್ತನೆಯದಾಗಿ ನಿಂತಿತು.

ಬ್ಯಾಸ್ಕೆಟ್‌ಬಾಲಿನಲ್ಲಿಯೂ ಕಂಠೀರವದ ಒಳಾಂಗಣ ಇಂತಹುದನ್ನೇ ಕಂಡಿದೆ. 2017ರ ಜುಲೈಯಲ್ಲಿ ಸರ್ಬಿಯದ ಝೋರಾನ್ ವಿಸಿಚ್ ಅವರ ತರಬೇತಿನಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್ಪಿನ ಬಿ ವಿಭಾಗದ ಅಂತಿಮ ಪಂದ್ಯದಲ್ಲಿ ಕಝಾಕಿಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ಎರಡೇ ಅಂಕದ ಅಂತರ! 2019ರಲ್ಲಿ ಅದೇ ಬೆಂಗಳೂರಿನಲ್ಲಿ ಜಪಾನ್, ಕೊರಿಯಗಳಂತಹ ತಂಡಗಳ ನಡುವೆ ಆಡಿ, ಕಡೆಗೆ ಫಿಲಿಪೀನ್ಸಿಗೂ ಸೋತು ಮತ್ತೆ ಕೆಳಗಿಳಿದರು. 2017ರಲ್ಲಿ ಹೊಗಳಿದವರಿಗೂ 2019ರಲ್ಲಿ ತೆಗಳಿದವರಿಗೂ ಎದುರಾಳಿ ಯಾರೆಂಬುದು ಸಣ್ಣ ಮಾತಾಗಿ ಕಂಡಿರಬೇಕು. ಅದೇ ದೊಡ್ಡ ಮಾತು.

ಕ್ರಿಕೆಟ್ಟಿನವರು ಕೇಳದೆ ಬಿಡರು. ಅನಿಲ್ ಕುಂಬ್ಳೆಯವರ ವಿಷಯವೇನು? 2016ರ ಜೂನಿನಲ್ಲಿ ಅವರು ಭಾರತ ತಂಡಕ್ಕೆ ಒಂದು ವರ್ಷದ ಮಟ್ಟಿಗೆ ತರಬೇತುದಾರರಾದರು. 17 ಟೆಸ್ಟುಗಳಲ್ಲಿ 12 ಗೆಲುವು, 4 ಸಮ, ಒಂದೇ ಸೋಲು. ಇದರಲ್ಲಿ 13 ಪಂದ್ಯಗಳು ನಮ್ಮ ನೆಲದವು, ಉಳಿದ ನಾಲ್ಕು ವೆಸ್ಟ್ ಇಂಡೀಸಿನಲ್ಲಿ ಆಡಿದವು. ತೂಗುವವರು ಇದನ್ನೂ ತಕ್ಕಡಿಗೆ ಹಾಕಬೇಕು. ನನಗೆ ಆ ಹನ್ನೆರಡು ಗೆಲುವುಗಳಿಗಿಂತ ಒಂದು ಸೋಲು ಮತ್ತು ಅದರ ಮರುಪಂದ್ಯ ಹೆಚ್ಚು ಹೇಳುತ್ತವೆ. 2017ರ ಫೆಬ್ರವರಿಯಲ್ಲಿ ಪುಣೆಯಲ್ಲಿ ಆಸ್ಟ್ರೇಲಿಯದ ಎದುರು 333 ರನ್ನುಗಳ ಸೋಲು. ಮುಂದಿನ ವಾರ ಬೆಂಗಳೂರಿನಲ್ಲಿ ಮೊದಲ ಸರದಿಯಲ್ಲಿ 189ಕ್ಕೆ ಎಲ್ಲರೂ ಔಟಾದರು. ಇಷ್ಟಾಗಿಯೂ ಆ ಪಂದ್ಯವನ್ನು 75 ರನ್ನುಗಳಿಂದ ಗೆದ್ದರು. ಸೋತ ತಂಡ ಮರುವಾರ ಹೇಗೆ ಬಯಲಿಗೆ ಇಳಿಯುತ್ತದೆಂಬುದರಲ್ಲಿ ತರಬೇತುದಾರನ ಕೈ ಕಾಣುವಷ್ಟು ಗೆದ್ದ ತಂಡದಲ್ಲಿ ಕಾಣದು. ಆದರೆ ಜೂನ್ 18ರಂದು ಚಾಂಪಿಯನ್ಸ್ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನಕ್ಕೆ ಸೋತು ಎರಡು ದಿನ ಕಳೆಯುವುದರೊಳಗೆ ಕುಂಬ್ಳೆ ರಾಜೀನಾಮೆ ಕೊಟ್ಟರು. ತಮ್ಮ ಕಾರ್ಯರೀತಿ ನಾಯಕನಿಗೆ ಒಪ್ಪಿಗೆಯಿಲ್ಲವೆಂದು ತಿಳಿದುಬಂದಿತೆಂದು ಪ್ರಕಟಣೆಯಲ್ಲಿ ಹೇಳಿದರು. ಅಂಕಪಟ್ಟಿಯಲ್ಲಿ ಈ ಕಾರಣಕ್ಕೆ ಕಲಮೇ ಇಲ್ಲ.

ಈಗ ನಮ್ಮ ಬಯಲಿಗೆ ಬರೋಣ. ಸರ್ಕಾರಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಸಹಾಯಕ ತರಬೇತುದಾರನಿಲ್ಲ, ಅಂಗಮರ್ದನಕ್ಕೆ ಜನವಿಲ್ಲ. ಕಬಡ್ಡಿ, ಖೋ ಖೋ, ವಾಲಿಬಾಲ್, ಓಟ, ಬ್ಯಾಸ್ಕೆಟ್‌ಬಾಲ್ ಎಲ್ಲಕ್ಕೂ ಒಂದೇ ಸೀಟಿ. ಹಣವಿದ್ದರೂ ಸುನಿಲ್ ಚೆಟ್ರಿಯನ್ನು ಪ್ರಥಮ ಬಿ.ಎ. ತರಗತಿಗೆ ಸೇರಿಸಿಕೊಳ್ಳಲಾಗದು. ಮಳವಳ್ಳಿ ಕಡೆಯ, ಮದ್ದೂರು ಕಡೆಯ ಹಳ್ಳಿಗಳಿಂದ ಬರುವ ಹುಡುಗ ಹುಡುಗಿಯರು ಸಾಯಂಕಾಲದ ಬಸ್ಸು ತಪ್ಪಿಸಿಕೊಂಡರೆ ಮನೆ ಸೇರುವುದು ಕಷ್ಟ. ಆದುದರಿಂದ ಅಭ್ಯಾಸ ಎಷ್ಟು ಹೊತ್ತು ನಡೆಯಬೇಕೆಂದು ನಿರ್ಧರಿಸುವವರು ನಿರ್ದೇಶಕರಲ್ಲ, ಬಸ್ಸಿನ ಕಂಡಕ್ಟರು.

ಇದಕ್ಕಿಂತಲೂ ಮುಖ್ಯವಾದುದು ಪದವಿ ತರಗತಿಯ ಮೂರು ವರ್ಷದ ಚಕ್ರ. ಹೊಸ ನಿರ್ದೇಶಕರು ಬಂದ ವರ್ಷ ಅವರು ಆಡಿಸುವ ತಂಡದ ಬೆನ್ನೆಲುಬು ಅಂತಿಮ ವರ್ಷದವರು. ಅವರನ್ನು ಆರಿಸಿ ತಿದ್ದಿದವರು ಹಿಂದಿನ ನಿರ್ದೇಶಕರು. ಆ ವರ್ಷ ಗೆದ್ದರೆ ಅದು ಕೂಳೆ. ಸೋತರೆ, ಬಹುಶಃ ಬುಡವೇ ಸತ್ತಿತ್ತು. ಹೊಸಬರು ತಾವೇ ಆರಿಸಿ ತಂದ ಪ್ರಥಮ ವರ್ಷದ ವಿದ್ಯಾರ್ಥಿಗಳು ತಂಡದ ಬೆನ್ನೆಲುಬಾಗುವುದು ಮೂರನೆಯ ವರ್ಷದಲ್ಲಿ. ಅಷ್ಟರಲ್ಲಿ ವರ್ಗಾವಣೆಯ ಆಜ್ಞೆ ಬಂದರೆ ನೆಟ್ಟವರೊಬ್ಬರು, ಕಡಿಯುವವರೊಬ್ಬರು. ಮೊದಲ ವರ್ಷದ ಫಲಿತಾಂಶವನ್ನೇ ಹಿಡಿದು ನಾವು ಕಾರಿಡಾರಿನಲ್ಲಿ ನಿಂತು "ಈ ಸರ್ ಬಂದಮೇಲೆ ತಂಡ ಕೆಟ್ಟಿತು" ಎಂದು ಆಡಿಕೊಂಡರೆ ಆ ಮಾತು ಸರ್ ಅವರಿಗೆ ತಾಗುವುದಕ್ಕಿಂತ ಮುಂಚೆ ಪ್ರಥಮ ವರ್ಷದ ಹುಡುಗನಿಗೆ ತಾಗುತ್ತದೆ. ಆಗತಾನೆ ಬೂಟು ಕೊಂಡು ಅಭ್ಯಾಸಕ್ಕೆ ಬರಬೇಕೆಂದಿದ್ದವನು ನಾಲ್ಕು ಗಂಟೆಯ ಬಸ್ಸಿಗೇ ಹೊರಟುಬಿಡುತ್ತಾನೆ. ತಂಡ ನಿಜವಾಗಿ ಕೆಡುವುದು ಅಲ್ಲಿಂದ.

ಹಾಗಾದರೆ ಮೊದಲ ವರ್ಷದಲ್ಲಿ ನೋಡಬೇಕಾದ್ದೇನು? ಜೂನಿನಲ್ಲಿ ಬೆಂಚಿನ ಮೇಲೆ ಕುಳಿತಿದ್ದವನು ಫೆಬ್ರವರಿಯಲ್ಲಿ ಎಡಗೈಯಿಂದಲೂ ಚೆಂಡು ಪುಟಿಸಬಲ್ಲನೆ? ಅಭ್ಯಾಸಕ್ಕೆ ಬರುವವರ ಸಂಖ್ಯೆ ದೀಪಾವಳಿಯ ರಜೆಯ ತರುವಾಯ ಇಳಿಯಿತೋ, ಏರಿತೋ? ದೊಡ್ಡ ಅಂತರದಿಂದ ಸೋತ ಮರುದಿನ ಬಯಲಿನಲ್ಲಿ ಎಷ್ಟು ಜನರಿದ್ದರು? ಇವು ಪತ್ರಿಕೆಯಲ್ಲಿ ಅಚ್ಚಾಗುವ ಸಂಗತಿಗಳಲ್ಲ. ಆದರೆ ನಮ್ಮ ಕಣ್ಣೆದುರಿನವು. ಬೆಂಗಳೂರಿನ ಗ್ಯಾಲರಿಯಲ್ಲಿ ಕುಳಿತವರಿಗೆ ಸಿಕ್ಕದ ಅನುಕೂಲ ನಮಗಿದೆ.

ಇದಕ್ಕೆ ಬೇಕಾದದ್ದು ಇನ್ನೂರು ಪುಟದ ಒಂದು ಗೆರೆ ಹಾಕಿದ ಪುಸ್ತಕ, ಅದನ್ನು ಬರೆಯಲು ಒಬ್ಬ ವಿದ್ಯಾರ್ಥಿ. ಪ್ರತಿ ಪಂದ್ಯಕ್ಕೂ ಒಂದು ಪುಟ: ಎದುರಾಳಿ ಯಾರು, ಆಡಿದವರು ಯಾವ ತರಗತಿಯವರು, ಬದಲಿಯಾಗಿ ಯಾರನ್ನು ಎಷ್ಟು ಹೊತ್ತು ಇಳಿಸಿದರು, ಅಂಕ ಎಷ್ಟು. ತಿಂಗಳಿಗೊಮ್ಮೆ ಅಭ್ಯಾಸಕ್ಕೆ ಬಂದವರ ಎಣಿಕೆ. ವಾರ್ಷಿಕ ಸಂಚಿಕೆಯ ಕ್ರೀಡಾ ವರದಿಯಲ್ಲಿ ಗೆದ್ದ ಬಹುಮಾನಗಳ ಪಟ್ಟಿಯ ಜೊತೆಗೆ ಇದರಿಂದಲೂ ಒಂದು ಪುಟ ಅಚ್ಚಾಗಬಹುದು. ಮುಂದೆ ಹೊಸ ನಿರ್ದೇಶಕರು ಬಂದ ದಿನ ಚೆಂಡಿನ ಬೀರುವಿನ ಬೀಗದ ಕೈಯೊಡನೆ ಆ ಪುಸ್ತಕವನ್ನೂ ಅವರಿಗೆ ಒಪ್ಪಿಸಬಹುದು.